ಸುವಾರ್ತಾ ಕ್ರೈಸ್ತ ಶಾಲೆ: ನಂಬಿಕೆ ಏನು, ಪಾಠ ಯಾವುದು, ಒಪ್ಪಿಗೆ ಯಾರದು?

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಕಾಫಿ ಸೀಮೆಯ ಕುಟುಂಬಗಳಿಗೆ ಕ್ರೈಸ್ತ ಶಾಲೆ ಎಂಬುದು ಹೊಸ ಮಾತೇನಲ್ಲ. ಇಲ್ಲಿನ ಮಕ್ಕಳು ಓದಿಗಾಗಿ ಘಟ್ಟದ ಕೆಳಗಿನ ಮಂಗಳೂರಿಗೆ, ಮೇಲಿನ ಹಾಸನ, ಮೈಸೂರು, ಬೆಂಗಳೂರಿಗೆ, ಅನುಕೂಲವಿದ್ದವರು ನೀಲಗಿರಿಯ ವಸತಿ ಶಾಲೆಗಳಿಗೆ ಹೋಗುವುದು ಬಹು ಕಾಲದ ರೂಢಿ. ಶಿಸ್ತು, ಇಂಗ್ಲಿಷು, ಕಾಲಕ್ಕೆ ಸರಿಯಾದ ಪಾಠ ಇವು ಮಿಷನ್ ಶಾಲೆಗಳ ಹೆಸರಿಗೆ ಅಂಟಿಕೊಂಡಿರುವ ಗುಣಗಳು. ಆದರೆ ಈ ಗುಣಗಳ ಹಿಂದಿರುವ ಧಾರ್ಮಿಕ ವಿಶ್ವಾಸ ಯಾವುದು, ಅದು ತರಗತಿಯೊಳಗೆ ಯಾವ ರೂಪ ತಾಳುತ್ತದೆ, ಅದಕ್ಕೆ ಕಾನೂನು ಎಳೆದಿರುವ ಗೆರೆ ಎಲ್ಲಿದೆ ಎಂಬುದನ್ನು ಪ್ರವೇಶ ಅರ್ಜಿಗೆ ಸಹಿ ಹಾಕುವ ಮುನ್ನ ಓದಿ ನೋಡುವ ಪಾಲಕರು ಕಡಿಮೆ.

2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಶಾಲೆಯ ಅರ್ಜಿ ನಮೂನೆ ರಾಜ್ಯವ್ಯಾಪಿ ಚರ್ಚೆಗೆ ಗ್ರಾಸವಾದಾಗ ಈ ಪ್ರಶ್ನೆಗಳು ಒಮ್ಮೆಲೇ ಮೇಲೆದ್ದವು. ವಿವಾದದ ಗದ್ದಲದಲ್ಲಿ ಮೂಲ ವಿಷಯ ಹಿಂದೆ ಸರಿಯಿತು. ಸುವಾರ್ತಾ ಕ್ರೈಸ್ತ ಶಾಲೆಗಳನ್ನು ನಡೆಸುವ ನಂಬಿಕೆಗಳು, ಕನ್ನಡ ನಾಡಿನಲ್ಲಿ ಅವುಗಳ ಇತಿಹಾಸ ಮತ್ತು ಅವುಗಳಿಗೆ ಅನ್ವಯಿಸುವ ಕಾನೂನಿನ ಪರಿಚಯ ಇಲ್ಲಿದೆ.

ಯಾರು ಈ ಸುವಾರ್ತಾ ಕ್ರೈಸ್ತರು?

ಕ್ರೈಸ್ತ ಶಾಲೆ ಎಂದೊಡನೆ ಎಲ್ಲವೂ ಒಂದೇ ಎಂದು ಭಾವಿಸುವುದುಂಟು. ವಾಸ್ತವ ಹಾಗಿಲ್ಲ. ಹಾಸನ ಜಿಲ್ಲೆಯೊಳಗೇ ಈ ವ್ಯತ್ಯಾಸವನ್ನು ಕಾಣಬಹುದು. ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಪಾಳು ಇಗರ್ಜಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ರೋಮನ್ ಕ್ಯಾಥೊಲಿಕ್ ಪರಂಪರೆಗೆ ಸೇರಿದ್ದು. ಹಾಸನ ನಗರದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯ ಮೂಲ ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟ್ ಮಿಷನ್. ಎರಡೂ ಕ್ರೈಸ್ತವೇ, ಆದರೆ ವಿಶ್ವಾಸದ ಒತ್ತು ಬೇರೆ. ಕ್ಯಾಥೊಲಿಕ್ ಪಂಥದಲ್ಲಿ ಸಭೆಯ ಪರಂಪರೆ ಮತ್ತು ಸಂಸ್ಕಾರಗಳಿಗೆ ಬೈಬಲ್ಲಿನಷ್ಟೇ ಪ್ರಮುಖ ಸ್ಥಾನವಿದೆ. ಎರಡನೆಯ ಧಾರೆಯಲ್ಲಿ ಗ್ರಂಥವೇ ಅಂತಿಮ ಪ್ರಮಾಣ, ವ್ಯಕ್ತಿಯ ಸ್ವಂತ ನಂಬಿಕೆಯೇ ಧರ್ಮದ ತಿರುಳು.

'ಶುಭವಾರ್ತೆ' ಎಂಬರ್ಥದ ಗ್ರೀಕ್ ಪದದಿಂದ ಇವ್ಯಾಂಜೆಲಿಕಲ್ ಎಂಬ ಹೆಸರು ಬಂದಿದೆ. ಕನ್ನಡ ಕ್ರೈಸ್ತರು ಬಳಸುವ 'ಸುವಾರ್ತೆ' ಎಂಬ ಮಾತು ಅದರದೇ ಅನುವಾದ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಮೊದಲಾದವರು ಆರಂಭಿಸಿದ ಪುನರುಜ್ಜೀವನ ಚಳವಳಿ ಮತ್ತು ಜರ್ಮನಿಯ ಭಕ್ತಿಪಂಥ ಇದರ ಎರಡು ಮೂಲಗಳು. ಇದು ಒಂದು ಪ್ರತ್ಯೇಕ ಪಂಗಡವಲ್ಲ. ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಬ್ರದರನ್, ಪೆಂಟೆಕೋಸ್ಟಲ್ ಮುಂತಾದ ಹಲವು ಸಭೆಗಳ ಮೂಲಕ ಹರಿಯುವ ಒಂದು ಧಾರೆ. 1846ರಲ್ಲಿ ಲಂಡನ್ನಿನಲ್ಲಿ ಇಂಥ ಸಭೆಗಳ ಒಕ್ಕೂಟ ರಚನೆಯಾಯಿತು. ಭಾರತದಲ್ಲಿ ಇವ್ಯಾಂಜೆಲಿಕಲ್ ಫೆಲೋಶಿಪ್ ಆಫ್ ಇಂಡಿಯಾ 1951ರಲ್ಲಿ ಸ್ಥಾಪನೆಯಾಯಿತು.

ಬ್ರಿಟಿಷ್ ಇತಿಹಾಸಕಾರ ಡೇವಿಡ್ ಬೆಬಿಂಗ್‌ಟನ್ 1989ರಲ್ಲಿ ಈ ಧಾರೆಗೆ ನಾಲ್ಕು ಲಕ್ಷಣಗಳನ್ನು ಗುರುತಿಸಿದರು: ಬೈಬಲ್ಲಿಗೆ ಪರಮ ಸ್ಥಾನ, ಶಿಲುಬೆಯ ಮೇಲಿನ ಯೇಸುವಿನ ಮರಣಕ್ಕೆ ಒತ್ತು, ವ್ಯಕ್ತಿಯ ಮನಃಪರಿವರ್ತನೆಯ ಅಗತ್ಯ ಹಾಗೂ ನಂಬಿದ್ದನ್ನು ಕ್ರಿಯೆಯಲ್ಲಿ ತೋರಿಸುವ ಹಟ. ವಿದ್ವಾಂಸರು ಇಂದಿಗೂ ಬಳಸುವ ವ್ಯಾಖ್ಯೆ ಇದು.

ಮೂಲ ನಂಬಿಕೆಗಳು

ಬಹುತೇಕ ಸುವಾರ್ತಾ ಶಾಲೆಗಳು 'ವಿಶ್ವಾಸ ಪ್ರಕಟಣೆ' ಎಂಬ ಸಣ್ಣ ದಾಖಲೆಯನ್ನು ಹೊಂದಿರುತ್ತವೆ. ಪದಗಳಲ್ಲಿ ವ್ಯತ್ಯಾಸವಿದ್ದರೂ ಸಾರ ಸಾಮಾನ್ಯವಾಗಿ ಹೀಗಿರುತ್ತದೆ:

1. ಬೈಬಲ್: ಹಳೆಯ ಮತ್ತು ಹೊಸ ಒಡಂಬಡಿಕೆಗಳು ದೇವರ ಪ್ರೇರಣೆಯಿಂದ ಬಂದ ವಾಕ್ಯ. ನಂಬಿಕೆ ಮತ್ತು ನಡತೆಗೆ ಅವೇ ಕೊನೆಯ ಪ್ರಮಾಣ. ಕನ್ನಡ ಪ್ರಾಟೆಸ್ಟೆಂಟರು ಈ ಗ್ರಂಥವನ್ನು 'ಸತ್ಯವೇದ' ಎನ್ನುತ್ತಾರೆ.

2. ತ್ರಯೈಕ ದೇವರು: ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಲ್ಲಿ ಒಬ್ಬನೇ ದೇವರು. ಅವನೇ ಜಗತ್ತಿನ ಸೃಷ್ಟಿಕರ್ತ.

3. ಮನುಷ್ಯ: ಪ್ರತಿಯೊಬ್ಬ ವ್ಯಕ್ತಿಯೂ ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು, ಆದ್ದರಿಂದ ಬೆಲೆಯುಳ್ಳವನು. ಆದರೆ ಪಾಪದಿಂದಾಗಿ ದೇವರಿಂದ ದೂರವಾದವನು.

4. ಯೇಸು ಕ್ರಿಸ್ತ: ದೇವರೂ ಹೌದು, ಮನುಷ್ಯನೂ ಹೌದು. ಕನ್ಯೆಯಿಂದ ಜನನ, ಪರರ ಪಾಪಕ್ಕಾಗಿ ಶಿಲುಬೆಯ ಮರಣ, ದೇಹಸಹಿತ ಪುನರುತ್ಥಾನ, ಮತ್ತೆ ಬರುವನೆಂಬ ಭರವಸೆ ಇವು ಅವನ ಕುರಿತ ಮುಖ್ಯ ವಿಶ್ವಾಸಗಳು.

5. ರಕ್ಷಣೆ: ಸತ್ಕಾರ್ಯ, ಸಂಸ್ಕಾರ ಅಥವಾ ಹುಟ್ಟಿನಿಂದ ರಕ್ಷಣೆ ದೊರೆಯದು. ದೇವರ ಕೃಪೆಯಿಂದ, ಪಶ್ಚಾತ್ತಾಪ ಮತ್ತು ವೈಯಕ್ತಿಕ ನಂಬಿಕೆಯ ಮೂಲಕ ಮಾತ್ರ ದೊರೆಯುತ್ತದೆ.

6. ಪವಿತ್ರಾತ್ಮ: ನಂಬಿದವನ ಒಳಗನ್ನು ಬದಲಿಸಿ ಸನ್ಮಾರ್ಗದಲ್ಲಿ ನಡೆಸುವ ಶಕ್ತಿ.

7. ಸಭೆ ಮತ್ತು ಸಾಕ್ಷಿ: ನಂಬಿದವರೆಲ್ಲ ಒಂದೇ ಸಭೆ. ಸುವಾರ್ತೆಯನ್ನು ಇತರರಿಗೆ ತಿಳಿಸುವುದು ಮತ್ತು ಸೇವೆ ಮಾಡುವುದು ಅವರ ಕರ್ತವ್ಯ.

ಐದನೆಯ ಮತ್ತು ಏಳನೆಯ ಅಂಶಗಳನ್ನು ಜೊತೆಯಾಗಿ ಓದಬೇಕು. ಸುವಾರ್ತೆ ಸಾರುವುದು ಕರ್ತವ್ಯ ಎನ್ನುತ್ತದೆ ಏಳನೆಯದು. ನಂಬಿಕೆ ಸ್ವಂತದ್ದಾಗಿರಬೇಕು, ಬೇರೊಬ್ಬರು ಹೇರಿದರೆ ಅದು ನಂಬಿಕೆಯೇ ಅಲ್ಲ ಎನ್ನುತ್ತದೆ ಐದನೆಯದರ ತರ್ಕ. ಬಲವಂತದ ಪ್ರಾರ್ಥನೆಗೆ ಈ ಸಿದ್ಧಾಂತದಲ್ಲಿ ಯಾವ ಮೌಲ್ಯವೂ ಇಲ್ಲ. ಸಾರಬೇಕು, ಆದರೆ ಹೇರಬಾರದು. ಸುವಾರ್ತಾ ಶಾಲೆಯ ಆಡಳಿತಗಳು ಎದುರಿಸುವ ಇಕ್ಕಟ್ಟು ಕಾನೂನಿನಿಂದ ಮಾತ್ರ ಬಂದುದಲ್ಲ. ಅದು ಅವುಗಳ ವಿಶ್ವಾಸದೊಳಗೇ ಇದೆ.

ಪಂಗಡಗಳ ನಡುವೆ ಭಿನ್ನಾಭಿಪ್ರಾಯಗಳೂ ಉಂಟು. ಶಿಶುವಿಗೆ ದೀಕ್ಷಾಸ್ನಾನ ಕೊಡಬಹುದೆಂದು ಮೆಥಡಿಸ್ಟರು ಒಪ್ಪಿದರೆ, ಸ್ವತಃ ನಂಬಿ ಬಂದವರಿಗೆ ಮಾತ್ರ ಎಂಬುದು ಬ್ಯಾಪ್ಟಿಸ್ಟರ ವಾದ. ಸೃಷ್ಟಿಯ ಆರು ದಿನಗಳನ್ನು ಅಕ್ಷರಶಃ ಗ್ರಹಿಸುವವರಿದ್ದಾರೆ, ರೂಪಕವೆಂದು ಓದುವವರೂ ಇದ್ದಾರೆ. ನಂಬಿಕೆ ಏನೇ ಇದ್ದರೂ ಎಸ್ಸೆಸ್ಸೆಲ್ಸಿ, ಸಿಬಿಎಸ್‌ಇ ಅಥವಾ ಐಸಿಎಸ್‌ಇ ಪರೀಕ್ಷೆಗೆ ಮಕ್ಕಳನ್ನು ಕೂರಿಸುವ ಶಾಲೆ ಆಯಾ ಮಂಡಳಿಯ ವಿಜ್ಞಾನ ಪಠ್ಯವನ್ನೇ ಬೋಧಿಸಬೇಕಾಗುತ್ತದೆ.

ನಂಬಿಕೆಯಿಂದ ಪಾಠಕ್ಕೆ

ಈ ವಿಶ್ವಾಸಗಳಿಂದ ಶಿಕ್ಷಣದ ಕೆಲವು ತತ್ತ್ವಗಳು ಹುಟ್ಟುತ್ತವೆ. ಮೊದಲನೆಯದು, ಸತ್ಯವೆಲ್ಲ ದೇವರದೇ ಎಂಬ ನಿಲುವು. ಗಣಿತ, ಇತಿಹಾಸ, ಜೀವಶಾಸ್ತ್ರಗಳೂ ಸೃಷ್ಟಿಕರ್ತನ ಕೃತಿಯನ್ನು ಅರಿಯುವ ದಾರಿಗಳೇ ಆದ್ದರಿಂದ ಲೌಕಿಕ ವಿದ್ಯೆ ಮತ್ತು ಧಾರ್ಮಿಕ ವಿದ್ಯೆಯ ನಡುವೆ ಗೋಡೆಯಿಲ್ಲ ಎಂದು ಇವರು ವಾದಿಸುತ್ತಾರೆ. ಎರಡನೆಯದು, ಪ್ರತಿ ಮಗುವೂ ದೇವರ ಸ್ವರೂಪವುಳ್ಳದ್ದು ಎಂಬ ನಂಬಿಕೆ. ಜಾತಿ, ಲಿಂಗ, ಬಡತನಗಳ ಭೇದವಿಲ್ಲದೆ ಎಲ್ಲರಿಗೂ ಅಕ್ಷರ ಎಂಬ ಮಾತಿನ ಆಧಾರ ಇದು. ಮೂರನೆಯದು, ಮಗುವನ್ನು ಬೆಳೆಸುವ ಮೊದಲ ಹೊಣೆ ತಂದೆತಾಯಿಯದು, ಶಾಲೆ ಅವರ ಸಹಾಯಕ ಮಾತ್ರ ಎಂಬ ಭಾವನೆ. ನಾಲ್ಕನೆಯದು, ಶಿಕ್ಷಕರ ನಡತೆಯೇ ಮೊದಲ ಪಾಠ ಎಂಬ ನಿಲುವು. ಶಿಕ್ಷಕರೂ ವಿಶ್ವಾಸ ಪ್ರಕಟಣೆಗೆ ಸಹಿ ಹಾಕಬೇಕೆಂದು ಕೆಲವು ಶಾಲೆಗಳು ಕೇಳುವುದು ಇದೇ ಕಾರಣಕ್ಕೆ.

ದಿನಚರಿಯಲ್ಲಿ ಇವು ಕಾಣಿಸಿಕೊಳ್ಳುವ ಬಗೆ ಸರಳ. ಬೆಳಗಿನ ಸಭೆಯಲ್ಲಿ ಒಂದು ಕೀರ್ತನೆ, ಬೈಬಲ್ ಓದು, ಪ್ರಾರ್ಥನೆ. ವಾರದಲ್ಲಿ ಕೆಲವು ಅವಧಿ ಶಾಸ್ತ್ರಪಾಠ. ಕ್ರಿಸ್‌ಮಸ್ ಮತ್ತು ಈಸ್ಟರ್ ಆಚರಣೆ. ವಸತಿ ಶಾಲೆಯಾದರೆ ಭಾನುವಾರದ ಆರಾಧನೆ. ಹಲವು ಶಾಲೆಗಳಲ್ಲಿ ಅನ್ಯಧರ್ಮೀಯ ಮಕ್ಕಳಿಗೆ ಶಾಸ್ತ್ರಪಾಠದ ವೇಳೆ ನೀತಿಪಾಠವಿರುತ್ತದೆ. ಕೆಲವೆಡೆ ಎಲ್ಲರಿಗೂ ಒಂದೇ ತರಗತಿ. ವಿವಾದಗಳೆಲ್ಲ ಹುಟ್ಟುವುದು ಈ ಒಂದು ವ್ಯತ್ಯಾಸದಲ್ಲೇ.

ಹೊರದೇಶಗಳಲ್ಲಿ ಇದೇ ಧಾರೆಯ ಶಾಲೆಗಳಿಗೆ ಪ್ರತ್ಯೇಕ ಪಠ್ಯಕ್ರಮಗಳೂ ಇವೆ. ಅಮೆರಿಕದ ಟೆಕ್ಸಾಸ್‌ನಲ್ಲಿ 1970ರಲ್ಲಿ ಆರಂಭವಾದ ಆ್ಯಕ್ಸಿಲರೇಟೆಡ್ ಕ್ರಿಶ್ಚಿಯನ್ ಎಜುಕೇಷನ್ ಎಂಬ ವ್ಯವಸ್ಥೆಯಲ್ಲಿ ಮಗು ಬೈಬಲ್ ಆಧಾರಿತ ಪುಸ್ತಕಗಳನ್ನು ತನ್ನದೇ ವೇಗದಲ್ಲಿ ಓದಿ ಮುಗಿಸುತ್ತದೆ. ಮಲೆನಾಡಿನವರಿಗೆ ಹೆಚ್ಚು ಪರಿಚಿತವಾದುದು ನೀಲಗಿರಿಯ ಮಾದರಿ. ಊಟಿಯ ಹೆಬ್ರಾನ್ ಶಾಲೆ 1899ರಲ್ಲಿ ಮಿಷನರಿಗಳ ಮಕ್ಕಳಿಗಾಗಿ ಆರಂಭವಾಗಿ ಮುಂದೆ ಇತರರಿಗೂ ತೆರೆದುಕೊಂಡ ವಸತಿ ಶಾಲೆ. ತನ್ನ ಸುವಾರ್ತಾ ನೆಲೆಯನ್ನು ಅದು ಬಹಿರಂಗವಾಗಿ ಹೇಳಿಕೊಳ್ಳುತ್ತದೆ.

ಕನ್ನಡ ನಾಡಿನಲ್ಲಿ ಮೊದಲ ಶಾಲೆಗಳು

ಕನ್ನಡ ಸೀಮೆಗೆ ಸುವಾರ್ತಾ ಮಿಷನ್‌ಗಳು ಬಂದದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲಿನ ಕನ್ನಡ ಅನುವಾದಕ್ಕೆ ತೊಡಗಿದರು. ವೆಸ್ಲಿಯನ್ ಮಿಷನ್ 1820ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು. ಬಾಸೆಲ್ ಮಿಷನ್ನಿನ ಮೊದಲ ಮೂವರು 1834ರ ಅಕ್ಟೋಬರ್‌ನಲ್ಲಿ ಮಂಗಳೂರು ತಲುಪಿದರು.

ಈ ಮೂರು ಮಿಷನ್‌ಗಳೂ ಬಂದೊಡನೆ ಶಾಲೆ ತೆರೆದವು. ಇದಕ್ಕೆ ಕಾರಣ ಅವುಗಳ ಮೊದಲ ನಂಬಿಕೆಯಲ್ಲೇ ಇದೆ. ಗ್ರಂಥವೇ ಪ್ರಮಾಣವೆಂದಮೇಲೆ ಪ್ರತಿಯೊಬ್ಬನೂ ಅದನ್ನು ತಾನೇ ಓದಬೇಕು. ಓದಬೇಕಾದರೆ ಅಕ್ಷರ ಬೇಕು, ತಾಯ್ನುಡಿಯಲ್ಲಿ ಪುಸ್ತಕ ಬೇಕು, ಮುದ್ರಣಾಲಯ ಬೇಕು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಫರ್ಡಿನೆಂಡ್ ಕಿಟೆಲ್ 1894ರಲ್ಲಿ ನಿಘಂಟು ಪ್ರಕಟಿಸಿದ್ದು ಇದೇ ಸರಪಳಿಯ ಕೊಂಡಿಗಳು. ವೆಸ್ಲಿಯನ್ ಮಿಷನ್ ಮೈಸೂರಿನಿಂದ 1887ರಲ್ಲಿ 'ವೃತ್ತಾಂತ ಪತ್ರಿಕೆ' ಆರಂಭಿಸಿತು. ಮಿಷನ್ನಿನಿಂದ ಬಂದ ಜಾನ್ ಗ್ಯಾರೆಟ್ ಮುಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ಹೊರತಂದ ಬಿ.ಎಲ್. ರೈಸ್ ಬೆಂಗಳೂರಿನ ಲಂಡನ್ ಮಿಷನರಿ ಬೆಂಜಮಿನ್ ರೈಸ್ ಅವರ ಮಗ.

ಈ ಕೆಲಸ ಧಾರ್ಮಿಕ ಪುಸ್ತಕಗಳಿಗೆ ಸೀಮಿತವಾಗಲಿಲ್ಲ. ಮೋಗ್ಲಿಂಗ್ ಮೇಲ್ವಿಚಾರಣೆಯಲ್ಲಿ 1848ರಿಂದ ಪ್ರಕಟವಾದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದವು. ಬಾಸೆಲ್ ಮಿಷನ್ ಪರಂಪರೆಯ ಪಾದ್ರಿ ಉತ್ತಂಗಿ ಚನ್ನಪ್ಪ 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿದರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ.

ಹಾಸನಕ್ಕೆ ಮಿಷನ್ ಶಿಕ್ಷಣ ಬಂದ ದಾರಿ ಹೆಚ್ಚು ದುಃಖಕರ. 1876ರಿಂದ 1878ರವರೆಗಿನ ಭೀಕರ ಕ್ಷಾಮ ಮೈಸೂರು ಸಂಸ್ಥಾನದಲ್ಲಿ ಅಸಂಖ್ಯ ಮಕ್ಕಳನ್ನು ತಬ್ಬಲಿಗಳನ್ನಾಗಿಸಿತು. ವೆಸ್ಲಿಯನ್ ಮಿಷನ್ ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ತೆರೆಯಿತು. ಊಟ, ಬಟ್ಟೆ, ಓದು, ಕಸುಬು ಮತ್ತು ಪ್ರಾರ್ಥನೆ ಅಲ್ಲಿ ಬೇರೆ ಬೇರೆಯಾಗಿರಲಿಲ್ಲ. ಇಲ್ಲಿ ಎರಡು ಸತ್ಯಗಳು ಎದುರುಬದುರಾಗುತ್ತವೆ. ಬೇರೆ ಯಾರೂ ಕೈಹಿಡಿಯದ ಹೆಣ್ಣುಮಕ್ಕಳಿಗೆ ಮಿಷನ್ ಅನ್ನ ಮತ್ತು ಅಕ್ಷರ ಕೊಟ್ಟಿತು. ಹಾಗೆಯೇ, ಹಸಿದ ಮಗು ತನ್ನ ನಂಬಿಕೆಯನ್ನು ತಾನೇ ಆಯ್ದುಕೊಂಡಿತೆಂದು ಹೇಳುವುದು ಕಷ್ಟ.

1947ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ವೆಸ್ಲಿಯನ್ ಸಭೆಗಳು ಅದರಲ್ಲಿ ವಿಲೀನವಾದವು. ಸಿಎಸ್‌ಐ ಎಂದು ಜನ ಕರೆಯುವ ಸಭೆ ಇದೇ.

ಮಂಜರಾಬಾದಿನ ತೋಟಗಾರನ ತಕರಾರು

ಇಂದಿನ ಸಕಲೇಶಪುರ ಸೀಮೆಗೆ ಹಿಂದೆ ಮಂಜರಾಬಾದ್ ಎಂದು ಹೆಸರು. ಮಿಷನರಿಗಳ ವಿಧಾನದ ಕುರಿತು ಗಂಭೀರವಾದ ಒಂದು ತಕರಾರು ಇಲ್ಲಿಂದಲೇ ಎದ್ದಿತ್ತು, ಅದೂ ಒಬ್ಬ ಯುರೋಪಿಯನ್ ಕಾಫಿ ಬೆಳೆಗಾರನಿಂದ. ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಚ್. ಎಲಿಯಟ್ 1871ರಲ್ಲಿ ಪ್ರಕಟಿಸಿದ ತನ್ನ ಅನುಭವ ಗ್ರಂಥದಲ್ಲಿ ಜಾತಿ ಮತ್ತು ಮತಾಂತರದ ವಿಷಯಕ್ಕೆ ಹಲವು ಪುಟಗಳನ್ನು ಮೀಸಲಿಟ್ಟ. ಕ್ರೈಸ್ತನಾಗಬೇಕಾದರೆ ಜಾತಿ ಬಿಡಲೇಬೇಕೆಂಬ ಮಿಷನರಿಗಳ ಷರತ್ತು ತಪ್ಪು, ಹಳ್ಳಿಗರ ನಡತೆಯನ್ನು ಕಾಪಾಡುವುದರಲ್ಲಿ ಜಾತಿಯ ಕಟ್ಟುಪಾಡಿಗೂ ಪಾತ್ರವಿದೆ ಎಂಬುದು ಅವನ ವಾದದ ಸಾರ.

ಮಿಷನರಿಗಳು ಇದಕ್ಕೆ ಮಣಿಯುವ ಸ್ಥಿತಿಯಲ್ಲಿರಲಿಲ್ಲ. ದೀಕ್ಷೆ ಪಡೆಯುವವರು ಜಾತಿ ತ್ಯಜಿಸಲೇಬೇಕೆಂದು ಪ್ರಾಟೆಸ್ಟೆಂಟ್ ಮಿಷನರಿಗಳ ಮದ್ರಾಸ್ ಸಮ್ಮೇಳನ 1850ರಲ್ಲೇ ತೀರ್ಮಾನಿಸಿತ್ತು. ಎಲ್ಲರೂ ದೇವರ ಸ್ವರೂಪ ಎಂಬ ಮೂರನೆಯ ನಂಬಿಕೆಯಿಂದ ನೇರವಾಗಿ ಬರುವ ತೀರ್ಮಾನ ಇದು. ಒಂದೇ ಬೆಂಚಿನಲ್ಲಿ ಎಲ್ಲ ಜಾತಿಯ ಮಕ್ಕಳನ್ನು ಕೂರಿಸುವ ಶಾಲೆ ಅಂದಿನ ಮಲೆನಾಡಿಗೆ ಬೈಬಲ್ ಪಾಠಕ್ಕಿಂತ ದೊಡ್ಡ ಸವಾಲಾಗಿತ್ತು. ತೋಟದ ಆಳುಮಕ್ಕಳ ಸಾಕ್ಷರತೆಗೆ ಎಲಿಯಟ್‌ನ ವಾದ ದಾರಿ ತೆರೆಯುತ್ತಿರಲಿಲ್ಲ ಎಂಬುದನ್ನು ಇಂದಿನ ಓದುಗರು ಗಮನಿಸಬೇಕು. ಆದರೆ ಹಳ್ಳಿಯ ಸಂಬಂಧಗಳನ್ನು ಕಡಿದು ನಂಬಿಕೆ ಕಟ್ಟಬಹುದೇ ಎಂಬ ಅವನ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ.

ಮಂಗಳೂರಿನಲ್ಲಿ ಆ ಪ್ರಶ್ನೆ ಅದಾಗಲೇ ಒಂದು ಮನೆಯ ಸಂಕಟವಾಗಿ ಕಾಣಿಸಿಕೊಂಡಿತ್ತು. 1844ರಲ್ಲಿ ಬಾಸೆಲ್ ಮಿಷನ್ ಶಾಲೆಯ ವಿದ್ಯಾರ್ಥಿಯಾಗಿದ್ದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತ ದೀಕ್ಷೆ ಪಡೆದಾಗ ಪಟ್ಟಣದಲ್ಲಿ ಕೋಲಾಹಲವೆದ್ದಿತು. ಕೌಂಡಿನ್ಯ ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾದರು. ಮಿಷನ್ನಿನ ದೃಷ್ಟಿಯಲ್ಲಿ ಅದು ಸ್ವತಂತ್ರ ಮನಸ್ಸಿನ ನಿರ್ಧಾರ. ಇಂಗ್ಲಿಷು ಕಲಿಯಲೆಂದು ಮಗನನ್ನು ಕಳುಹಿಸಿದ ಕುಟುಂಬಕ್ಕೆ ಅದು ನಂಬಿಕೆದ್ರೋಹ. ಶಾಲೆಗೆ ಕಳುಹಿಸುವಾಗ ಪಾಲಕರು ಯಾವುದಕ್ಕೆ ಒಪ್ಪಿದ್ದರು, ಯಾವುದಕ್ಕೆ ಒಪ್ಪಿರಲಿಲ್ಲ ಎಂಬ ಪ್ರಶ್ನೆ ಅಂದು ಬರಹದಲ್ಲಿ ಇತ್ಯರ್ಥವಾಗಿರಲಿಲ್ಲ.

ಇಂಥ ಪ್ರಕರಣಗಳು ಗಮನ ಸೆಳೆದವು, ಆದರೆ ಸಂಖ್ಯೆಯ ಲೆಕ್ಕ ಬೇರೆಯೇ ಇದೆ. ಎರಡು ಶತಮಾನಗಳ ಮಿಷನ್ ಶಿಕ್ಷಣದ ಬಳಿಕವೂ 2011ರ ಜನಗಣತಿಯಂತೆ ಎಲ್ಲ ಪಂಗಡಗಳೂ ಸೇರಿ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ 1.87. ಮಿಷನ್ ಶಾಲೆಗಳಲ್ಲಿ ಓದಿದವರಲ್ಲಿ ಬಹುಪಾಲು ಮಂದಿ ತಮ್ಮ ಮನೆಯ ಧರ್ಮದಲ್ಲೇ ಉಳಿದರು.

ಸಂವಿಧಾನ ಎಳೆದ ಗೆರೆ

ಶಾಲೆ ಮತ್ತು ಧರ್ಮದ ಸಂಬಂಧವನ್ನು ನಿಯಂತ್ರಿಸುವ ಯತ್ನ ಸ್ವಾತಂತ್ರ್ಯಕ್ಕಿಂತ ಹಳೆಯದು. 1854ರ ವುಡ್ ನಿರೂಪವು ಖಾಸಗಿ ಶಾಲೆಗಳಿಗೆ ಸಹಾಯಧನ ನೀಡುವ ಪದ್ಧತಿ ತಂದಿತು. ಧಾರ್ಮಿಕ ಬೋಧನೆಯ ವಿಷಯದಲ್ಲಿ ಸರ್ಕಾರ ತಟಸ್ಥವಾಗಿರುವುದೆಂದೂ, ಲೌಕಿಕ ವಿದ್ಯೆಯ ಗುಣಮಟ್ಟವನ್ನಷ್ಟೇ ನೋಡುವುದೆಂದೂ ಅದರ ಆಶಯ.

1950ರ ಸಂವಿಧಾನ ಈ ಗೆರೆಯನ್ನು ಸ್ಪಷ್ಟಪಡಿಸಿತು. 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಪಾಲಿಸುವ, ಪ್ರಸಾರ ಮಾಡುವ ಹಕ್ಕನ್ನೂ ನೀಡುತ್ತದೆ. ಪ್ರಸಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. 30ನೆಯ ವಿಧಿ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಈ ಹಕ್ಕನ್ನು ಎತ್ತಿಹಿಡಿದು, ಸಮಂಜಸ ನಿಯಂತ್ರಣಕ್ಕೂ ಅವಕಾಶವಿದೆ ಎಂದಿತು.

ಪಾಲಕರಿಗೆ ಎಲ್ಲಕ್ಕಿಂತ ಮುಖ್ಯವಾದುದು 28ನೆಯ ವಿಧಿ. ಸಂಪೂರ್ಣವಾಗಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಅವಕಾಶವೇ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಖಾಸಗಿ ಶಾಲೆಯಲ್ಲಿ ಅವಕಾಶವಿದೆ, ಆದರೆ ಯಾವ ವಿದ್ಯಾರ್ಥಿಯನ್ನೂ ಧಾರ್ಮಿಕ ಬೋಧನೆ ಅಥವಾ ಆರಾಧನೆಯಲ್ಲಿ ಪಾಲ್ಗೊಳ್ಳುವಂತೆ ಒತ್ತಾಯಿಸುವಂತಿಲ್ಲ. ವಿದ್ಯಾರ್ಥಿ ಅಥವಾ ಅಪ್ರಾಪ್ತನಾದರೆ ಅವನ ಪಾಲಕರು ಒಪ್ಪಿಗೆ ಕೊಟ್ಟಿರಬೇಕು. ಧರ್ಮಗಳ ಕುರಿತು ತಿಳಿವಳಿಕೆ ನೀಡುವುದು ಬೇರೆ, ಒಂದು ಧರ್ಮವನ್ನು ಬೋಧಿಸುವುದು ಬೇರೆ ಎಂಬ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ಗುರುತಿಸಿದೆ.

ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಮೀಸಲು ಸೀಟುಗಳ ನಿಯಮ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ನೀಡಿತ್ತು. ಈ ತೀರ್ಪನ್ನು ಮರುಪರಿಶೀಲಿಸಬೇಕೆಂಬ ವಿಷಯವನ್ನು ಅದೇ ನ್ಯಾಯಾಲಯದ ದ್ವಿಸದಸ್ಯ ಪೀಠ 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿಯ ಮುಂದಿರಿಸಿತು.

2022ರ ವಿವಾದ

1914ರಲ್ಲಿ ಆರಂಭವಾದ ಬೆಂಗಳೂರಿನ ಕ್ಲಾರೆನ್ಸ್ ಹೈಸ್ಕೂಲ್ ಸುವಾರ್ತಾ ಪರಂಪರೆಯ ಹಳೆಯ ಶಾಲೆ. ಮಗು ಬೆಳಗಿನ ಸಭೆ ಮತ್ತು ಶಾಸ್ತ್ರಪಾಠದಲ್ಲಿ ಭಾಗವಹಿಸುವುದಕ್ಕೆ, ಬೈಬಲ್ ಮತ್ತು ಕೀರ್ತನೆ ಪುಸ್ತಕ ಒಯ್ಯುವುದಕ್ಕೆ ತಮ್ಮ ಆಕ್ಷೇಪವಿಲ್ಲವೆಂದು ಪಾಲಕರು ಒಪ್ಪಬೇಕೆಂಬ ಕಲಂ ಅದರ ಪ್ರವೇಶ ಅರ್ಜಿಯಲ್ಲಿತ್ತು. ಅನ್ಯಧರ್ಮೀಯ ಮಕ್ಕಳ ಮೇಲೆ ಇದು ಹೇರಿಕೆ ಎಂದು ಹಿಂದೂ ಜನಜಾಗೃತಿ ಸಮಿತಿ 2022ರ ಏಪ್ರಿಲ್‌ನಲ್ಲಿ ಆಕ್ಷೇಪಿಸಿತು. ಶಿಕ್ಷಣ ಇಲಾಖೆ ವಿವರಣೆ ಕೇಳಿತು. ತಾನು ಕಾನೂನು ಪಾಲಿಸುವ ಸಂಸ್ಥೆ, ವಕೀಲರ ಸಲಹೆಯಂತೆ ನಡೆಯುವುದಾಗಿ ಶಾಲೆ ತಿಳಿಸಿತು.

ಎರಡೂ ಪಕ್ಷಗಳ ವಾದ 28ನೆಯ ವಿಧಿಯ ಸುತ್ತಲೇ ಇತ್ತು. ಒಪ್ಪಿಗೆ ಕೇಳಿ ಸಹಿ ಪಡೆದ ಮೇಲೆ ಅದು ಒತ್ತಾಯವಲ್ಲ ಎಂದು ಶಾಲೆಯ ಪರ ಇದ್ದವರು ವಾದಿಸಿದರು. ಸಹಿ ಹಾಕದಿದ್ದರೆ ಸೀಟೇ ಇಲ್ಲ ಎನ್ನುವುದಾದರೆ ಆ ಸಹಿಯನ್ನು ಮುಕ್ತ ಒಪ್ಪಿಗೆ ಎನ್ನಲಾದೀತೇ ಎಂಬುದು ವಿರೋಧಿಸಿದವರ ಪ್ರಶ್ನೆ. ಬೆಂಗಳೂರಿನಲ್ಲಿ ಪಾಲಕರಿಗೆ ನೂರಾರು ಶಾಲೆಗಳ ಆಯ್ಕೆಯಿದೆ. ಉತ್ತಮ ಶಾಲೆ ಎಂಬುದು ಹತ್ತಾರು ಕಿಲೋಮೀಟರಿಗೆ ಒಂದು ಸಿಗುವ ಬೆಟ್ಟದ ಊರುಗಳಲ್ಲಿ ಅದೇ ಕಲಂನ ಭಾರ ಹೆಚ್ಚು.

ಇದೇ ಹೊತ್ತಿನಲ್ಲಿ ರಾಜ್ಯದಲ್ಲಿ ಮತಾಂತರ ನಿಯಂತ್ರಣ ಕಾನೂನಿನ ಚರ್ಚೆಯೂ ನಡೆದಿತ್ತು. ವಿಧಾನಸಭೆ 2021ರ ಡಿಸೆಂಬರ್‌ನಲ್ಲಿ ಮಸೂದೆ ಅಂಗೀಕರಿಸಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಜಾರಿಯಾಗಿ, ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾಯಿತು. ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಉಚಿತ ಶಿಕ್ಷಣದ ಕೊಡುಗೆಯನ್ನೂ 'ಆಮಿಷ'ದ ವ್ಯಾಖ್ಯೆಯೊಳಗೆ ಅದು ಸೇರಿಸಿತ್ತು. ಬಡ ಮಕ್ಕಳಿಗೆ ಶುಲ್ಕ ರಿಯಾಯಿತಿ ನೀಡುವ ಮಿಷನ್ ಶಾಲೆಗಳು ಇದರಿಂದ ಆತಂಕಗೊಂಡವು. ಕಾಯ್ದೆಯನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು.

ಪಾಲಕರು ಗಮನಿಸಬೇಕಾದುದು

ಶಾಲೆ ಯಾವ ಸಭೆಗೆ ಸೇರಿದ್ದು ಎಂಬುದನ್ನು ಮೊದಲು ತಿಳಿಯಬೇಕು. ಹೆಸರಿನಲ್ಲಿ ಸಂತರಿದ್ದ ಮಾತ್ರಕ್ಕೆ ಅದು ಕ್ಯಾಥೊಲಿಕ್ ಶಾಲೆಯೆಂದೂ, ಇಲ್ಲದ ಮಾತ್ರಕ್ಕೆ ಅಲ್ಲವೆಂದೂ ಹೇಳಲಾಗದು. ವಿಶ್ವಾಸ ಪ್ರಕಟಣೆಯ ಪ್ರತಿ ಕೇಳಿ ಓದಬೇಕು. ಅರ್ಜಿಯ ಕಲಂಗಳನ್ನು, ವಿಶೇಷವಾಗಿ ಶಾಸ್ತ್ರಪಾಠ ಮತ್ತು ಆರಾಧನೆಯ ಕುರಿತವನ್ನು, ಸಹಿಗೆ ಮುನ್ನ ಗಮನಿಸಬೇಕು. ಅನ್ಯಧರ್ಮೀಯ ಮಕ್ಕಳಿಗೆ ಬದಲಿ ತರಗತಿ ಉಂಟೇ, ಒಪ್ಪಿಗೆಯನ್ನು ಮಧ್ಯದಲ್ಲಿ ಹಿಂತೆಗೆದುಕೊಳ್ಳಬಹುದೇ ಎಂದು ಲಿಖಿತವಾಗಿ ವಿಚಾರಿಸುವುದು ಒಳ್ಳೆಯದು. ವಸತಿ ಶಾಲೆಯಾದರೆ ಭಾನುವಾರದ ದಿನಚರಿ, ಹಬ್ಬಗಳಿಗೆ ರಜೆ, ಮನೆಯ ಆಹಾರ ಪದ್ಧತಿಯ ವಿಚಾರಗಳನ್ನೂ ಕೇಳಬೇಕು. ಮಗು ತುಸು ದೊಡ್ಡದಾಗಿದ್ದರೆ ಅದರ ಅಭಿಪ್ರಾಯವನ್ನೂ ಕೇಳುವುದು ಅಗತ್ಯ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಪಾಲಕರ ಮಾರ್ಗದರ್ಶನವನ್ನು ಮಾನ್ಯ ಮಾಡಿ, ಮಗುವಿನ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಗೌರವಿಸುತ್ತದೆ.

ಶಾಲೆಗಳಿಗೂ ಒಂದು ಹೊಣೆಯಿದೆ. ತನ್ನ ನಂಬಿಕೆಯನ್ನು ಮರೆಮಾಚುವ ಶಾಲೆಗಿಂತ ಮೊದಲ ಪುಟದಲ್ಲೇ ಬರೆದು ತಿಳಿಸುವ ಶಾಲೆ ಹೆಚ್ಚು ಪ್ರಾಮಾಣಿಕ. ಆದರೆ ಬರೆದು ತಿಳಿಸಿದ ಬಳಿಕ ಒಲ್ಲೆನೆನ್ನುವ ದಾರಿಯನ್ನೂ ತೆರೆದಿಡಬೇಕಾಗುತ್ತದೆ. ಸಂವಿಧಾನದ 28ನೆಯ ವಿಧಿ ಕೇಳುವುದು ಅದನ್ನೇ. ನಂಬಿಕೆ ಹೃದಯದ ಸ್ವಂತ ನಿರ್ಧಾರವಾಗಿರಬೇಕು ಎನ್ನುವ ಸುವಾರ್ತಾ ವಿಶ್ವಾಸದ ಐದನೆಯ ಅಂಶವೂ ಅದನ್ನೇ ಕೇಳುತ್ತದೆ.